ಎಸ್.ಪಿ. ರೋಡಿನ ಸ್ವರಸಂತೆ

ಬೆಂಗಳೂರು ನೋಡಲು ಬಂದವರು ಲಾಲ್‌ಬಾಗಿಗೆ ಹೋಗುತ್ತಾರೆ. ವಿಧಾನಸೌಧದ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸಿನಿಮಾ ಹುಚ್ಚಿನವರಾದರೆ ಗಾಂಧಿನಗರದಲ್ಲಿ ಒಂದು ಸುತ್ತು ಹೊಡೆದು, ಯಾರಾದರೂ ಹೀರೋ ಕಾರಿನಿಂದ ಇಳಿದಾನೇನೋ ಅಂತ ಕತ್ತು ಉದ್ದ ಮಾಡಿ ನೋಡಿ, ಒಂದು ಕಾಫಿ ಕುಡಿದು ಊರ ಬಸ್ಸು ಹತ್ತುತ್ತಾರೆ. ಎಸ್.ಪಿ. ರೋಡನ್ನು ನೋಡಲೆಂದು ಮಾತ್ರ ಯಾರೂ ಬರುವುದಿಲ್ಲ. ಮನೆಯಲ್ಲಿ ಏನಾದರೂ ಕೆಟ್ಟು ಕೂತಾಗಲಷ್ಟೇ ಅದರ ನೆನಪು!

ಪೂರ್ತಿ ಹೆಸರು ಸದರ್ ಪತ್ರಪ್ಪ ರಸ್ತೆ. ಪುರಭವನದಿಂದ ಕೂಗಳತೆ. ಮಾರ್ಕೆಟ್ಟಿನಲ್ಲಿ ಬಸ್ಸಿಳಿದು ನಡೆದರೂ ಸರಿ, ಚಿಕ್ಕಪೇಟೆಯಲ್ಲಿ ಮೆಟ್ರೋ ಇಳಿದು ಬಂದರೂ ಸರಿ. ರಸ್ತೆ ಅನ್ನುವುದಕ್ಕಿಂತ ಅದೊಂದು ಓಣಿಗಳ ಗೊಂಚಲು. ಒಂದು ಅಂಗಡಿಯಲ್ಲಿ ಬರೀ ವೈರು, ಪಕ್ಕದ್ದರಲ್ಲಿ ಬರೀ ಫ್ಯಾನು, ಅದರ ಪಕ್ಕದಲ್ಲಿ ಲ್ಯಾಪ್‌ಟಾಪಿನ ಹಲ್ಲುಗಳನ್ನೆಲ್ಲ ಕಿತ್ತು ಗುಡ್ಡೆ ಹಾಕಿರುವ ಹುಡುಗ. ಕೈಗಾಡಿ, ಸ್ಕೂಟರು, ತಲೆಯ ಮೇಲೆ ಡಬ್ಬ ಹೊತ್ತವರು, ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು, ಎಲ್ಲರೂ ಒಂದೇ ಹೊತ್ತಿಗೆ ಅದೇ ಓಣಿಯಲ್ಲಿ ಎದುರುಬದುರು. ಮಳೆ ಬಂದರಂತೂ ಕೇಳಲೇಬೇಡಿ. ಬೆಸುಗೆ ಹಾಕುವ ಸೀಸದ ಹೊಗೆಯ ವಾಸನೆ, ಪಕ್ಕದ ಗಾಡಿಯ ಮೆಣಸಿನಕಾಯಿ ಬಜ್ಜಿಯ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಡಿಯುವ ಜಾಗ ಭೂಲೋಕದಲ್ಲಿ ಇನ್ನೆಲ್ಲಿಯಾದರೂ ಇದ್ದೀತೇ, ನಾನು ಕಾಣೆ.

ಸಿನಿಮಾ ಪತ್ರಿಕೆಯಲ್ಲಿ ಈ ಓಣಿಯ ಪುರಾಣ ಯಾಕಪ್ಪಾ ಅಂತ ಹುಬ್ಬೇರಿಸಬೇಡಿ ವಾಚಕರೇ. ನೀವು ಬಸ್ಸಿನಲ್ಲಿ ಕೂತು ಗುನುಗುವ ಹಾಡಿಗೂ ಈ ಓಣಿಗೂ ನಂಟಿದೆ.

ಒಂದು ಕಾಲವಿತ್ತು. ಕನ್ನಡದ ಹಾಡು ಎಂದರೆ ಮದ್ರಾಸಿನ ರೈಲು ಹತ್ತಲೇಬೇಕು. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರರಂಥವರ ಹಾಡುಗಳು ಜೀವ ತಳೆದದ್ದು ಕೋಡಂಬಾಕ್ಕಂ, ವಡಪಳನಿ ಸುತ್ತಿನ ಸ್ಟುಡಿಯೋಗಳಲ್ಲಿ. ದೊಡ್ಡ ಹಾಲು, ಅದರ ತುಂಬ ವಾದ್ಯದವರು, ಗಾಜಿನ ಕೋಣೆಯಲ್ಲಿ ಗಾಯಕರು, ಎಲ್ಲರೂ ಏಕಕಾಲಕ್ಕೆ. ಕೊನೆಯ ಚರಣದಲ್ಲಿ ಒಬ್ಬ ಪಿಟೀಲಿನವನ ಕಮಾನು ಜಾರಿತೋ, ಮತ್ತೆ ಮೊದಲಿನಿಂದ! ನಮ್ಮ ಚಿತ್ರಗಳ ಧ್ವನಿಮುದ್ರಣ ನಮ್ಮೂರಲ್ಲೇ ಆಗಲಿ ಅಂತ ಶಂಕರನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿಸಿದರು. ಆಗಿನ ಮಟ್ಟಿಗೆ ಅದೇ ದೊಡ್ಡ ಸಾಹಸ.

1989 ಅನ್ನುವುದು ಒಂದು ವಿಚಿತ್ರ ವರ್ಷ ನೋಡಿ. ಆ ವರ್ಷ ಸಿಂಗಪುರದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ಎಂಬ ಕಾರ್ಡನ್ನು ಮಾರುಕಟ್ಟೆಗೆ ಬಿಟ್ಟಿತು. ಬರೀ ‘ಬೀಪ್ ಬೀಪ್’ ಅನ್ನುತ್ತಿದ್ದ ಕಂಪ್ಯೂಟರಿಗೆ ಮಾತು ಬಂತು. ಅದೇ ವರ್ಷ ಅಮೆರಿಕದ ಡಿಜಿಡಿಸೈನ್‌ನವರು ಸೌಂಡ್ ಟೂಲ್ಸ್ ಅಂತ ತಂದರು. ಟೇಪೇ ಇಲ್ಲದ ಸ್ಟುಡಿಯೋ ಅಂತ ಅದರ ಹೆಗ್ಗಳಿಕೆ. 1991ರಲ್ಲಿ ಅದೇ ಪ್ರೋ ಟೂಲ್ಸ್ ಆಯಿತು. ಅದೇ 1989ರಲ್ಲಿ ಕೋಡಂಬಾಕ್ಕಂನಲ್ಲಿ ಒಬ್ಬ ಕೀಬೋರ್ಡ್ ಹುಡುಗ ತನ್ನ ಮನೆಯ ಹಿತ್ತಿಲಲ್ಲೇ ಸ್ಟುಡಿಯೋ ಕಟ್ಟಿಕೊಂಡ. ಮೂರು ವರ್ಷ ಕಳೆದು 1992ರಲ್ಲಿ ‘ರೋಜಾ’ ಬಂತು. ಆ ಹುಡುಗನ ಹೆಸರು ನಾನು ಹೇಳಬೇಕಾಗಿಲ್ಲ ತಾನೆ?

ಈಗ ಯಾವ ಹಾಡಿಗೂ ದೊಡ್ಡ ಹಾಲೇ ಬೇಕು ಅಂತಿಲ್ಲ. ಕುಂದಾಪುರದ ಹತ್ತಿರದ ಬಸ್ರೂರಿನಲ್ಲೇ ಸ್ಟುಡಿಯೋ ಇಟ್ಟುಕೊಂಡು ರವಿ ಬಸ್ರೂರು ಇಡೀ ದೇಶಕ್ಕೆ ಕೇಳುವ ಹಾಗೆ ಸದ್ದು ಮಾಡಿದ್ದಾರೆ. 2018ರ, 2022ರ ಎರಡೂ ಕೆ.ಜಿ.ಎಫ್. ನೋಡಿದವರಿಗೆ ಗೊತ್ತು. ಇತ್ತ ಬೆಂಗಳೂರಿನಲ್ಲಿ ರಾಜಾಜಿನಗರ, ನಾಗರಭಾವಿ, ಸುಂಕದಕಟ್ಟೆ, ಎಲ್ಲಿ ಹೋದರೂ ಮೂರನೇ ಮಹಡಿಯ ಬಾಡಿಗೆ ರೂಮಿನಲ್ಲಿ ಕಿಟಕಿಗೆ ಹಾಸಿಗೆ ಅಡ್ಡ ಇಟ್ಟುಕೊಂಡು ಟ್ಯೂನು ಕಟ್ಟುತ್ತಿರುವ ಹುಡುಗರಿದ್ದಾರೆ. ಒಂದು ಕಂಪ್ಯೂಟರು, ಒಂದು ಕೀಬೋರ್ಡು, ಒಂದು ಮೈಕು. ಇವು ಮೂರನ್ನೂ ಒಂದಕ್ಕೊಂದು ಮಾತಾಡಿಸುವ ದಲ್ಲಾಳಿಯೇ ಸೌಂಡ್ ಕಾರ್ಡು. ಕಂಪ್ಯೂಟರಿಗೆ ಕಿವಿಯೂ ಅದೇ, ಬಾಯಿಯೂ ಅದೇ.

ಅಂಥ ರೂಮಿನ ಗೆಳೆಯನೊಬ್ಬನ ಜತೆಗೇ ಈ ಸಲ ನಾನು ಎಸ್.ಪಿ. ರೋಡು ಸುತ್ತಿದ್ದು. ಹಾಸನದ ಕಡೆಯವನು. ಹತ್ತು ವರ್ಷ ಅವರಿವರ ಕೈಕೆಳಗೆ ಕೀಬೋರ್ಡು ನುಡಿಸಿ, ದೇವರನಾಮ, ಭಾವಗೀತೆಗಳಿಗೆ ಟ್ರ್ಯಾಕು ಮಾಡಿಕೊಟ್ಟು, ಈಗಷ್ಟೇ ಸ್ವತಂತ್ರ ಸಂಗೀತ ನಿರ್ದೇಶಕ ಅಂತ ಒಂದು ಸಣ್ಣ ಬಜೆಟ್ಟಿನ ಚಿತ್ರ ಸಿಕ್ಕಿದೆ. ಸಿಕ್ಕಿದ್ದು ‘ಪ್ಯಾಕೇಜ್’ ಮಾತಿನ ಮೇಲೆ. ಅಂದರೆ ನಿರ್ಮಾಪಕರು ಒಂದು ಮೊತ್ತ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಹಾಡುವವರು, ನುಡಿಸುವವರು, ಮಿಕ್ಸಿಂಗು, ಊಟ, ಆಟೋ ಬಾಡಿಗೆ, ಎಲ್ಲ ಅದರಲ್ಲೇ. ಉಳಿದರೆ ಇವನಿಗೆ!

ಅಡ್ವಾನ್ಸು ಬಂದ ವಾರವೇ ಇವನ ಹಳೆಯ ಕಂಪ್ಯೂಟರು ಕಣ್ಣುಮುಚ್ಚಿತು. ಅದರ ಹೊಟ್ಟೆಯೊಳಗಿತ್ತು ಇವನ ಪ್ರಾಣದಂಥ ಸೌಂಡ್ ಕಾರ್ಡು, ಹಳೆಯ ಪಿ.ಸಿ.ಐ. ಸ್ಲಾಟಿಗೆ ಕೂರುವಂಥದ್ದು. ಮುಂದಿನ ಸೋಮವಾರಕ್ಕೆ ಮಂಡ್ಯ ಕಡೆಯಿಂದ ಒಬ್ಬ ಅಜ್ಜಿ ಬರುವವರಿದ್ದರು, ಸೋಬಾನೆ ಹಾಡಲಿಕ್ಕೆ. ಚಿತ್ರದಲ್ಲಿ ಮದುವೆಯ ಸನ್ನಿವೇಶ. ಬಸ್ಸಿನಲ್ಲಿ ಬಂದು ಅವತ್ತೇ ಹಿಂತಿರುಗಬೇಕು, ಮತ್ತೊಂದು ದಿನ ಬರುವ ವಯಸ್ಸಲ್ಲ. ಕೊಳಲಿನವರಿಗೂ ಅವತ್ತೇ ಹೇಳಿಯಾಗಿತ್ತು. ಆಮೇಲೆ ಡೊಳ್ಳಿನವರು. ಈ ಹಾಡಿಗಾಗಿ ಗೆಳೆಯನ ಜೇಬಿನಲ್ಲಿದ್ದದ್ದು ನಲವತ್ತು ಸಾವಿರ. ಕಾರ್ಡಿಗೆ ಎಷ್ಟು ಹೋಗುತ್ತದೋ ಅಷ್ಟೂ ಅಜ್ಜಿ, ಕೊಳಲು, ಡೊಳ್ಳುಗಳ ಸಂಭಾವನೆಯಿಂದಲೇ ಕಿತ್ತದ್ದು. ಲೆಕ್ಕ ಅಷ್ಟು ಸರಳ.

ಮಹಡಿ ಮೇಲಿನ ಡಾಕ್ಟರು

ಮೊದಲು ಹೋದದ್ದು ಬೋರ್ಡು ರಿಪೇರಿಯವರ ಹತ್ತಿರ. ಎಸ್.ಪಿ. ರೋಡಿನ ನಿಜವಾದ ಪ್ರತಿಭೆಯೆಲ್ಲ ಮಹಡಿಯ ಮೇಲಿದೆ. ಒಬ್ಬರು ಏರಿದರೆ ಇನ್ನೊಬ್ಬರು ಇಳಿಯಲಾಗದ ಮೆಟ್ಟಿಲು. ಮೇಲೆ ಮೂರಡಿ ಮೇಜಿನ ಹಿಂದೆ ಭೂತಗನ್ನಡಿ ಇಟ್ಟುಕೊಂಡ ಮಧ್ಯವಯಸ್ಕ. ಬೋರ್ಡನ್ನು ತಿರುಗಿಸಿ, ಮುರುಗಿಸಿ, ಎರಡು ಕಡೆ ಮೀಟರಿನ ಮೊನೆ ಇಟ್ಟು ನೋಡಿ, ಡಾಕ್ಟರು ಆಪರೇಷನ್ ಥಿಯೇಟರಿನಿಂದ ಹೊರಗೆ ಬಂದ ಹಾಗೆ ಮುಖ ಮಾಡಿದರು.

“ಚಿಪ್ಪೇ ಹೋಗಿದೆ ಸಾರ್. ಇಂಥ ಸ್ಲಾಟಿರೋ ಬೋರ್ಡು ಈಗ ಹೊಸದು ಬರಲ್ಲ. ಹಳೇದು ಒಂದು ಹುಡುಕಿಕೊಡ್ತೀನಿ. ಆದ್ರೆ ಗ್ಯಾರಂಟಿ ಕೇಳಬೇಡಿ. ಒಂದು ದಿನ ಓಡುತ್ತೋ, ಒಂದು ವರ್ಷ ಓಡುತ್ತೋ...”

ಗೆಳೆಯನಿಗೆ ಆಸೆ. ಹಳೆಯ ಬೋರ್ಡು ಹಾಕಿಸಿದರೆ ಮೂರು ನಾಲ್ಕು ಸಾವಿರದಲ್ಲಿ ಮುಗಿದೀತು, ಹಳೆಯ ಕಾರ್ಡೂ ಉಳಿದೀತು. ನಾನು ನಕ್ಕೆ. ‘ಗುರೂ, ಅಜ್ಜಿ ಎರಡನೇ ಚರಣದಲ್ಲಿರುವಾಗ ಇದು ಮತ್ತೆ ಕಣ್ಣುಮುಚ್ಚಿದರೆ?’ ಅಂದೆ. ಅವನೇನೂ ನಗಲಿಲ್ಲ.

ಇದು ಅವನೊಬ್ಬನ ಪಾಡಲ್ಲ. ಸೌಂಡ್ ಕಾರ್ಡಿನ ಸಾವು ಸಾಮಾನ್ಯವಾಗಿ ಕಾರ್ಡಿನಿಂದ ಬರುವುದಿಲ್ಲ, ಸುತ್ತಲಿನ ಲೋಕ ಬದಲಾಗುವುದರಿಂದ ಬರುತ್ತದೆ. ಪಿ.ಸಿ.ಐ. ಸ್ಲಾಟು ಹೋಯಿತು. ಫೈರ್‌ವೈರ್ ಅಂತ ಒಂದು ಸಂಪರ್ಕ ಬಂದಿತ್ತು, ಸ್ಟುಡಿಯೋದವರೆಲ್ಲ ಅದಕ್ಕೆ ಮುಗಿಬಿದ್ದರು. ಈಗಿನ ಕಂಪ್ಯೂಟರುಗಳಲ್ಲಿ ಆ ತೂತೇ ಇಲ್ಲ. ಯು.ಎಸ್.ಬಿ. ಉಳಿದುಕೊಂಡಿದೆ, ಥಂಡರ್‌ಬೋಲ್ಟ್ ದುಬಾರಿಯವರ ಪಾಲಾಗಿದೆ. ಇನ್ನೊಂದು ಹಗ್ಗ ಡ್ರೈವರ್‌ನದು. ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ದುಭಾಷಿ ಕೆಲಸ ಮಾಡುವ ಸಾಫ್ಟ್‌ವೇರೇ ಈ ಡ್ರೈವರ್. ಕಂಪನಿಯವರು ಹೊಸ ವಿಂಡೋಸಿಗೆ ಅದನ್ನು ಬರೆಯುವುದು ನಿಲ್ಲಿಸಿದ ದಿನ, ಕಾರ್ಡು ಎಷ್ಟೇ ಗಟ್ಟಿಮುಟ್ಟಾಗಿರಲಿ, ಕಾಗದ ಹಾರದಂತೆ ಒತ್ತಿಡುವುದಕ್ಕಷ್ಟೇ ಲಾಯಕ್ಕು. ಹಾಗಾಗಿ ಕಾರ್ಡು ಕೊಳ್ಳುವಾಗ ಡಬ್ಬದ ಬಣ್ಣ ನೋಡುವುದಕ್ಕಿಂತ, ಆ ಕಂಪನಿ ತನ್ನ ಹಳೆಯ ಕಾರ್ಡುಗಳಿಗೆ ಎಷ್ಟು ವರ್ಷ ಡ್ರೈವರ್ ಕೊಟ್ಟಿದೆ ಅಂತ ವಿಚಾರಿಸುವುದೇ ಬುದ್ಧಿವಂತಿಕೆ. ಜರ್ಮನಿಯ ಆರ್.ಎಂ.ಇ. ಕಾರ್ಡುಗಳನ್ನು ಜನ ಲಕ್ಷದ ಆಸುಪಾಸು ಕೊಟ್ಟು ಕೊಳ್ಳುವುದು ಬಹಳಮಟ್ಟಿಗೆ ಇದೇ ಕಾರಣಕ್ಕೆ.

ಮೆಟ್ಟಿಲಿಳಿದು ಬಂದರೆ ಸಂತೆಯೋ ಸಂತೆ. “ಸೌಂಡ್ ಕಾರ್ಡಾ ಸಾರ್? ಇನ್ನೂರಕ್ಕೂ ಇದೆ, ಎರಡು ಸಾವಿರಕ್ಕೂ ಇದೆ. ಯಾವ್ದು ಕೊಡ್ಲಿ?” ಅಂತ ಅಂಗಡಿ ಸೇಠು. ಇನ್ನೂರರದ್ದು ಬೆರಳುದ್ದದ ಪ್ಲಾಸ್ಟಿಕ್ಕು, ಮೇಲೆ 7.1 ಅಂತ ಬರೆದಿರುತ್ತದೆ. ಆ ಏಳೂ ಎಲ್ಲಿವೆಯೋ, ಆ ಒಂದೂ ಎಲ್ಲಿದೆಯೋ, ಬರೆದವನಿಗೇ ಗೊತ್ತು! ಎರಡು ಸಾವಿರದ್ದು ಬಣ್ಣಬಣ್ಣದ ಗುಂಡಿ, ದೀಪಗಳ ಡಬ್ಬ. ಒಂದು ಗುಂಡಿ ಒತ್ತಿದರೆ ಚಪ್ಪಾಳೆ, ಇನ್ನೊಂದು ಒತ್ತಿದರೆ ನಗು, ಮತ್ತೊಂದಕ್ಕೆ ಗಂಡು ದನಿ ಹೆಣ್ಣಾಗುತ್ತದೆ. ಮೊಬೈಲಿನಲ್ಲಿ ಕರೋಕೆ ಹಾಡುವವರಿಗೆ ಅದು ಬಹಳ ಖುಷಿಯ ವಸ್ತು, ತಮಾಷೆ ಮಾಡಲಾರೆ. ಆದರೆ ಥಿಯೇಟರಿನ ಸ್ಪೀಕರಿಗೆ ಹೋಗುವ ಹಾಡನ್ನು ಅದರಲ್ಲಿ ಹಿಡಿಯುವುದೆಂದರೆ ತೂತಿನ ಬಿಂದಿಗೆಯಲ್ಲಿ ನೀರು ತಂದ ಹಾಗೆ.

ಗೆಳೆಯ ಇಲ್ಲಿ ಕೊಂಡದ್ದು ಎರಡು ಬ್ಯಾಲೆನ್ಸ್ಡ್ ಕೇಬಲ್ಲು, ಒಂದು ಮೂರು ಪಿನ್ನಿನ ಪ್ಲಗ್ಗು, ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಬ್ಯಾಟರಿ, ಅಷ್ಟೇ. ಲ್ಯಾಪ್‌ಟಾಪು ಅವನ ತಂಗಿಯದು, ಕಾಲೇಜು ಮುಗಿದು ಮೂಲೆ ಸೇರಿತ್ತು.

ಕಿವಿ ಇಟ್ಟು ಕೊಳ್ಳಬೇಕು

ಸ್ಟುಡಿಯೋದವರ ಕಾರ್ಡು ಸಿಗುವುದು ವಾದ್ಯದ ಅಂಗಡಿಗಳಲ್ಲಿ. ಅಲ್ಲಿ ಎ.ಸಿ., ಗಾಜು, ನೇತುಹಾಕಿದ ಗಿಟಾರು. ಮಾತೂ ಮೆತ್ತಗೆ. ಎಸ್.ಪಿ. ರೋಡಿನ ಧೂಳು ಮೆತ್ತಿದ ಚಪ್ಪಲಿಯಲ್ಲಿ ಒಳಗೆ ಹೋಗಲು ಸ್ವಲ್ಪ ಅಳುಕೇ.

ಅಂಗಡಿಯ ಹುಡುಗ ಮೊದಲು ಹೇಳಿದ್ದು 192 ಅನ್ನುವ ಅಂಕಿ. “ಇದು 192 ಕಿಲೋಹರ್ಟ್ಸ್ ಸಾರ್!” ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೈಕಿನಿಂದ ಬರುವ ದನಿ ಅಂದರೆ ಕರೆಂಟಿನ ಸಣ್ಣ ಅಲೆ. ಕಾರ್ಡು ಆ ಅಲೆಯನ್ನು ಹಿಗ್ಗಿಸಿ, ಸೆಕೆಂಡಿಗೆ ಸಾವಿರಾರು ಸಲ ಅಳೆದು, ಅಂಕಿಯಾಗಿ ಬರೆದಿಡುತ್ತದೆ. ಸಿ.ಡಿ.ಗೆ ಸೆಕೆಂಡಿಗೆ 44,100 ಸಲ, ಸಿನಿಮಾಕ್ಕೆ 48,000 ಸಲ. ಪ್ರತಿ ಅಳತೆಯೂ ಎಷ್ಟು ನಾಜೂಕು ಅನ್ನುವುದಕ್ಕೆ ಬಿಟ್ ಲೆಕ್ಕ. 16 ಬಿಟ್ ಅಂದರೆ 65,536 ಮೆಟ್ಟಿಲು, 24 ಬಿಟ್ ಅಂದರೆ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಮಿಕ್ಕಿ. 24 ಬೇಕೇ ಬೇಕು. ಯಾಕೆಂದರೆ ದನಿ ಒಡೆಯದ ಹಾಗೆ ಸ್ವಲ್ಪ ಮೆಲ್ಲಗೆ ಹಿಡಿದು ಆಮೇಲೆ ಏರಿಸಿಕೊಳ್ಳಬಹುದು. ಆದರೆ 192ರಲ್ಲಿ ಹಿಡಿದರೆ 48ರ ನಾಲ್ಕು ಪಟ್ಟು ಜಾಗ ತಿನ್ನುತ್ತದೆ, ಕಂಪ್ಯೂಟರು ಏದುಸಿರು ಬಿಡುತ್ತದೆ. ಕೇಳುವವನ ಕಿವಿಗೆ ದಕ್ಕುವುದು ಏನೂ ಇಲ್ಲ. ಈಗಿನ ಸಾಧಾರಣ ಕಾರ್ಡುಗಳೂ 24 ಬಿಟ್, 48 ಕಿಲೋಹರ್ಟ್ಸನ್ನು ಚೆನ್ನಾಗಿಯೇ ಮಾಡುತ್ತವೆ. ಹಾಗಾಗಿ ಅಂಕಿಯ ಜಂಬಕ್ಕೆ ಮರುಳಾಗಬೇಡಿ.

ನಿಜವಾಗಿ ನೋಡಬೇಕಾದದ್ದು ಹಿಗ್ಗಿಸುವ ಭಾಗ, ಪ್ರೀ-ಆಂಪ್. ಗೆಳೆಯ ಜೋಳಿಗೆಯಿಂದ ತನ್ನದೇ ಮೈಕು, ತನ್ನದೇ ಹೆಡ್‌ಫೋನು ತೆಗೆದ. ಕಾರ್ಡಿನ 48 ವೋಲ್ಟಿನ ಗುಂಡಿ ಒತ್ತಿದ, ಕಂಡೆನ್ಸರ್ ಮೈಕಿಗೆ ಕಾರ್ಡೇ ಆ ಕರೆಂಟು ಉಣಿಸಬೇಕು. ಗೇನ್ ತಿರುಪನ್ನು ಮುಕ್ಕಾಲಿನ ಮೇಲೆ ಏರಿಸಿ, ಯಾರೂ ಮಾತಾಡದಂತೆ ಸನ್ನೆ ಮಾಡಿ, ಕಣ್ಣುಮುಚ್ಚಿ ಕೂತ. ಒಂದು ಕಾರ್ಡಿನಲ್ಲಿ ‘ಸ್ಸ್ಸ್...’ ಅಂತ ದೂರದ ನಲ್ಲಿಯ ಸದ್ದು. ಇನ್ನೊಂದರಲ್ಲಿ ಅದು ತೀರಾ ಕಡಿಮೆ. “ಅಜ್ಜಿ ದನಿ ಮೆತ್ತಗಿರುತ್ತೆ ಕಣೋ. ಗೇನ್ ಜಾಸ್ತಿ ಕೊಡಲೇಬೇಕು. ಈ ನಲ್ಲಿ ನೀರು ಅವಳ ಜತೆ ಹಾಡಬಾರದು” ಅಂದ. ಡೊಳ್ಳಿಗೆ ಇದರ ತದ್ವಿರುದ್ಧ. ಅದು ಬಡಿದರೆ ಗೇನ್ ಸೊನ್ನೆಗಿಳಿಸಿದರೂ ದನಿ ಒಡೆದುಹೋಗಬಹುದು. ಅದಕ್ಕೆ ದನಿಯನ್ನು ಒಳಬರುವಲ್ಲೇ ತಗ್ಗಿಸುವ ‘ಪ್ಯಾಡ್’ ಗುಂಡಿ ಇದ್ದರೆ ಒಳ್ಳೆಯದು. ಪಾಶ್ಚಾತ್ಯರ ಗಿಟಾರು-ಡ್ರಮ್ಮಿಗೆ ಅಂತ ಮಾಡಿದ ಪೆಟ್ಟಿಗೆ ನಮ್ಮ ಸೋಬಾನೆ-ಡೊಳ್ಳು ಎರಡನ್ನೂ ತಾಳಬೇಕು. ಪರೀಕ್ಷೆ ಸುಲಭದ್ದಲ್ಲ!

ಆಮೇಲೆ ಲೇಟೆನ್ಸಿ ಅನ್ನುವ ಶನಿ. ದನಿ ಕಾರ್ಡಿನೊಳಗೆ ಹೋಗಿ, ಕಂಪ್ಯೂಟರು ಸುತ್ತಿ, ಮತ್ತೆ ಹೆಡ್‌ಫೋನಿಗೆ ಬರುವಷ್ಟರಲ್ಲಿ ತಡವಾಗುತ್ತದೆ. ಅಳತೆಗಳನ್ನು ಒಂದೊಂದಾಗಿ ಕಳಿಸದೆ ಮೂಟೆ ಕಟ್ಟಿ ಕಳಿಸುವುದರಿಂದ ಬರುವ ತಡ. ಆ ಮೂಟೆಗೆ ಬಫರ್ ಅಂತ ಹೆಸರು. 512ರ ಮೂಟೆಯಾದರೆ, 48,000ದ ಲೆಕ್ಕದಲ್ಲಿ ಹೋಗುವಾಗ ಹತ್ತೂವರೆ ಮಿಲಿಸೆಕೆಂಡಿಗೂ ಮಿಕ್ಕಿ, ಬರುವಾಗ ಮತ್ತಷ್ಟೇ, ಒಟ್ಟು ಇಪ್ಪತ್ತೊಂದು. ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಿಗೆ ಏಳು ಮೀಟರ್ ದಾಟುತ್ತದೆ. ಅಂದರೆ ಹಾಡುವವಳಿಗೆ ತನ್ನ ದನಿಯೇ ಪಕ್ಕದ ಮನೆಯಿಂದ ಕೇಳಿದ ಹಾಗೆ! ಮೂಟೆಯನ್ನು 64ಕ್ಕೆ ಇಳಿಸಿದರೆ ಒಂದು ಮೀಟರಿಗಿಂತ ಕಡಿಮೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸಣ್ಣ ಮೂಟೆಯನ್ನು ಎತ್ತಿ ಎತ್ತಿ ಕೊಡಲು ಡ್ರೈವರ್ ಚುರುಕಾಗಿರಬೇಕು. ಇಲ್ಲದಿದ್ದರೆ ಚಟ್, ಪಟ್ ಅಂತ ಹುರಿಗಡಲೆ ಸಿಡಿದ ಸದ್ದು. ವಿಂಡೋಸಿನಲ್ಲಿ ಇದಕ್ಕಾಗಿಯೇ ಜರ್ಮನಿಯ ಸ್ಟೈನ್‌ಬರ್ಗ್‌ನವರು 1997ರಲ್ಲಿ ಆಸಿಯೋ ಅನ್ನುವ ಪದ್ಧತಿ ತಂದರು. ಕಂಪನಿಯೇ ಬರೆದ ಆಸಿಯೋ ಡ್ರೈವರ್ ಇಲ್ಲದ ಕಾರ್ಡನ್ನು ವೃತ್ತಿಗೆ ಇಟ್ಟುಕೊಳ್ಳಬೇಡಿ ಅಂತ ನನ್ನ ಸಲಹೆ. ಬಿಟ್ಟಿ ಸಿಗುವ ಬದಲಿ ಡ್ರೈವರುಗಳು ಅಡುಗೆ ಮನೆಗೆ ಪಕ್ಕದ ಮನೆಯ ಗ್ಯಾಸು ತಂದಂತೆ, ಒಂದು ದಿನಕ್ಕೆ ಸರಿ.

ಇಲ್ಲೊಂದು ಗುಟ್ಟಿದೆ. ಹಾಡುವವರ ಮಟ್ಟಿಗೆ ಈ ಶನಿಯನ್ನು ತಪ್ಪಿಸಿಕೊಳ್ಳಬಹುದು. ಡೈರೆಕ್ಟ್ ಮಾನಿಟರ್ ಅಂತ ಒಂದು ಗುಂಡಿ ಇರುತ್ತದೆ. ಅದನ್ನೊತ್ತಿದರೆ ಹಾಡುವವರ ದನಿ ಕಂಪ್ಯೂಟರಿಗೆ ಹೋಗಿ ಬರದೆ ಕಾರ್ಡಿನಿಂದಲೇ ನೇರ ಕಿವಿಗೆ ಬರುತ್ತದೆ. ತಡ ಇಲ್ಲವೇ ಇಲ್ಲ ಅನ್ನಿ. ದನಿಗೆ ಗುಯ್‌ಗುಡುವ ರಿವರ್ಬ್ ಸೇರಿಸಿ ಕೇಳಿಸಲಾಗುವುದಿಲ್ಲ, ಅದೊಂದೇ ಕೊರತೆ. ಕಂಪ್ಯೂಟರಿನೊಳಗಿನ ವೀಣೆ, ಪಿಟೀಲುಗಳನ್ನು ಕೀಬೋರ್ಡಿನಲ್ಲಿ ನುಡಿಸುವವರಿಗೆ ಮಾತ್ರ ಈ ಉಪಾಯ ನಡೆಯದು. ಅವರಿಗೆ ಚುರುಕು ಡ್ರೈವರೇ ಗತಿ. ಕೊಳ್ಳುವ ಮುನ್ನ ‘ನಾನು ಹಾಡು ಹಿಡಿಯುವವನೋ, ಕೀಬೋರ್ಡು ನುಡಿಸುವವನೋ’ ಅಂತ ಕೇಳಿಕೊಂಡರೆ ಎಷ್ಟೋ ದುಡ್ಡು ಉಳಿದೀತು.

ಗೆಳೆಯನ ಕಣ್ಣು ಎಂಟು ಮೈಕು ಹಾಕಬಹುದಾದ ದೊಡ್ಡ ಪೆಟ್ಟಿಗೆಯ ಮೇಲೇ ಇತ್ತು. ಡೊಳ್ಳಿನ ತಂಡವನ್ನು ಒಟ್ಟಿಗೆ ನಿಲ್ಲಿಸಿ, ಒಂದೊಂದಕ್ಕೂ ಒಂದೊಂದು ಮೈಕು... ಆಹಾ! ಬೆಲೆ ಕೇಳಿದರೆ ಇಡೀ ನಲವತ್ತು ಸಾವಿರ ಅದಕ್ಕೇ ಸರಿಹೋಗುತ್ತಿತ್ತು. ಕಾರ್ಡು ಬಂದೀತು, ಡೊಳ್ಳಿನವರು ಬರಲಾರರು. ಎಂಟು ಮೈಕು ಹಿಡಿದು ಯಾರನ್ನು ಹಾಡಿಸುವುದು? ಅರ್ಧ ಗಂಟೆ ಯೋಚಿಸಿ, ಎರಡು ಮೈಕಿನ ಯು.ಎಸ್.ಬಿ. ಕಾರ್ಡು ತೆಗೆದುಕೊಂಡ. ಹದಿನಾರು ಸಾವಿರದೊಳಗೆ ಮುಗಿಯಿತು. ಡೊಳ್ಳನ್ನು ಎರಡೇ ಮೈಕಿನಲ್ಲಿ, ದೊಡ್ಡ ಹಾಲಿನಲ್ಲಿ ಸ್ವಲ್ಪ ದೂರ ನಿಲ್ಲಿಸಿ ಹಿಡಿಯುವುದು ಅಂತ ತೀರ್ಮಾನ. ನನ್ನ ಮಟ್ಟಿಗೆ ಡೊಳ್ಳು ಕೇಳಬೇಕಾದದ್ದೇ ಹಾಗೆ. ಅದರ ಹೊಟ್ಟೆಗೆ ಕಿವಿ ಹಚ್ಚಿ ಯಾರು ಕೇಳುತ್ತಾರೆ?

ಸುಂಕದಕಟ್ಟೆಯ ಸೋಮವಾರ

ಕಾರ್ಡನ್ನು ಮನೆಗೆ ತಂದು ಹಚ್ಚಿದರೆ ‘ಗುಂಯ್...’ ಅಂತ ದುಂಬಿ. ಹೊಸ ಕಾರ್ಡಿನ ದೋಷವೇ? ಅಲ್ಲ. ಬಾಡಿಗೆ ಮನೆಯ ಗೋಡೆಯಲ್ಲಿ ಮೂರು ತೂತಿನ ಸಾಕೆಟ್ಟೇನೋ ಇತ್ತು, ಮೂರನೆಯ ತೂತಿಗೆ ವೈರೇ ಇರಲಿಲ್ಲ! ಅರ್ಥಿಂಗ್ ಇಲ್ಲದ ಮನೆಯಲ್ಲಿ ಲಕ್ಷದ ಕಾರ್ಡು ತಂದಿಟ್ಟರೂ ದುಂಬಿ ಹಾಡುತ್ತದೆ. ಇಂಥ ಮನೆಗಳಲ್ಲಿ ಕೂತಿರುವ ಹುಡುಗರು ಕಾರ್ಡು ಬದಲಾಯಿಸುವ ಮೊದಲು ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆಸುವುದು ಒಳ್ಳೆಯದು. ಬ್ಯಾಲೆನ್ಸ್ಡ್ ಕೇಬಲ್ಲು ಹಾಕಿದ ಮೇಲೆ ಸ್ಪೀಕರಿನ ದುಂಬಿ ಅರ್ಧ ಇಳಿಯಿತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಪೂರ್ತಿ ಸತ್ತಿತು. ಎಸ್.ಪಿ. ರೋಡಿನ ಬ್ಯಾಟರಿ ಕೆಲಸಕ್ಕೆ ಬಂದದ್ದು ಹೀಗೆ.

ಸೋಮವಾರ ಹನ್ನೊಂದಕ್ಕೆ ಅಜ್ಜಿ ಬಂದರು, ಜತೆಗೆ ಮೊಮ್ಮಗ. ಬಿಸಿನೀರು ಕುಡಿದು, ಎಲೆಯಡಿಕೆ ಉಗಿದು, ಕೂತರು. ಹೆಡ್‌ಫೋನು ಹಾಕಿದರೆ ಬೇಡವೆಂದರು.

“ಕಿವಿ ಮುಚ್ಕಂಡ್ರೆ ನನ್ ಸೊರ ನಂಗೇ ಕೇಳಾಕಿಲ್ವಲ್ಲ ಮಗ.”

ಒಂದು ಕಿವಿಗೆ ಮಾತ್ರ ಹಾಕಿ, ಡೈರೆಕ್ಟ್ ಮಾನಿಟರ್ ಒತ್ತಿ, ಶ್ರುತಿ ಮೆಲ್ಲಗೆ ಬಿಟ್ಟ. ‘ಹೂಂ, ಈಗ ಸರೋಯ್ತು’ ಅಂದರು. ತಾಳಕ್ಕೆ ಟಿಕ್ ಟಿಕ್ ಸದ್ದು ಕೊಡಲು ಹೋಗಿ ಗೆಳೆಯ ತಾನೇ ಬಿಟ್ಟ. ಅಜ್ಜಿಯ ಲಯ ಅಜ್ಜಿಯದು. ಅವರು ಹೋದ ದಾರಿಯಲ್ಲಿ ಆಮೇಲೆ ಇವನೇ ವಾದ್ಯ ಹೊಂದಿಸಿಕೊಳ್ಳಬೇಕು. ಫ್ಯಾನು ಆಫ್. ಕಿಟಕಿಗೆ ಹಾಸಿಗೆ. ನಾವೆಲ್ಲ ಬೆವರಿನಲ್ಲಿ ಉಪ್ಪಿನಕಾಯಿ.

ಎರಡನೇ ಸಲ ಹಾಡುತ್ತಿದ್ದಾಗ ಕರೆಂಟು ಹೋಯಿತು! ದೀಪ ಆರಿತು, ಕೆಳಗಿನ ಮನೆಯ ಮಿಕ್ಸಿ ನಿಂತಿತು, ಬೀದಿಯ ಯಾವುದೋ ಮೋಟಾರೂ ನಿಂತಿತು. ಲ್ಯಾಪ್‌ಟಾಪು ಬ್ಯಾಟರಿಯಲ್ಲಿತ್ತು. ಕಾರ್ಡಿಗೆ ಬೇರೆ ಪ್ಲಗ್ಗೇ ಇಲ್ಲ, ಲ್ಯಾಪ್‌ಟಾಪಿನಿಂದಲೇ ಕರೆಂಟು ಹೀರುವ ಜಾತಿ. ಕತ್ತಲಲ್ಲಿ ಪರದೆಯ ಮೇಲೆ ಅಲೆ ಓಡುತ್ತಲೇ ಇತ್ತು. ಅಜ್ಜಿ ಕಣ್ಣುಮುಚ್ಚಿದ್ದವರು ತೆರೆಯಲೇ ಇಲ್ಲ. ಐದೂ ನುಡಿ ಮುಗಿಸಿ, ‘ಸಾಕಾ?’ ಅಂದರು.

ಮೂರನೆಯದನ್ನೂ ಹಿಡಿದ, ಇರಲಿ ಅಂತ. ಆದರೆ ಹಾಡಿನಲ್ಲಿ ಇಟ್ಟುಕೊಂಡದ್ದು ಎರಡನೆಯದನ್ನೇ. ಮಧ್ಯಾಹ್ನ ಕೊಳಲಿನವರು ಬಂದು ಒಂದೂವರೆ ಗಂಟೆಯಲ್ಲಿ ಮುಗಿಸಿಕೊಟ್ಟರು. ಇಬ್ಬರ ಹಣವನ್ನೂ ಅವತ್ತೇ ಕೈಗೆ ಕೊಟ್ಟು ಅಜ್ಜಿ-ಮೊಮ್ಮಗನನ್ನು ಆಟೋದಲ್ಲಿ ಸ್ಯಾಟಲೈಟ್ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದೆವು. ಡೊಳ್ಳಿನವರಿಗೆ ಮುಂದಿನ ಭಾನುವಾರ ಅಂತ ಹೇಳಿದ್ದಾನೆ. ಮಾಗಡಿ ರಸ್ತೆಯ ಒಂದು ಕಲ್ಯಾಣಮಂಟಪ, ಮದುವೆ ಇಲ್ಲದ ದಿನ ಅರ್ಧ ಬಾಡಿಗೆಗೆ ಸಿಕ್ಕಿದೆ.